ಹುಣಸೆ ಚೇಗಿನ ಪೈಪು: ನನ್ನ ಅನುಭವ

"ಬ್ರಯರ್ ಬಿಟ್ಟು ಬೇರೆ ಮರದಲ್ಲಿ ಹೊಗೆಸೊಪ್ಪು ಸೇದುವ ಪೈಪು ಕಡೆದರೆ ಗಿರಾಕಿ ಗಡ್ಡಕ್ಕೇ ಬೆಂಕಿ ಇಟ್ಟ ಹಾಗೆ" ಎಂದು ಮೈಸೂರಿನ ಮಂಡಿ ಮೊಹಲ್ಲಾದ ಹಿರಿಯ ಕೆಲಸಗಾರರೊಬ್ಬರು ನಕ್ಕಿದ್ದರು. ಹೋದ ತಿಂಗಳು ಅವರೇ ಬಂದು ನನ್ನ ಹುಣಸೆ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಬ್ರಯರ್ ಎಂದರೆ ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಬೇರುಗಂಟು, ಪೈಪಿಗೆ ಒಳ್ಳೆಯದೇ. ಆದರೆ ಸಾಗಣೆ, ಸುಂಕ ಸೇರಿ ನನಗೆ ಒಂದು ತುಂಡು 2,000 ರೂಪಾಯಿ ದಾಟಿತ್ತು. ಕೊರೆಯುವಾಗ ಒಳಗೆ ಹುಳುಕು ಸಿಕ್ಕರೆ ಅಷ್ಟೂ ನೀರುಪಾಲು.

ಮೊದಲು ಕೈ ಹಾಕಿದ್ದು ಬೀಟೆಗೆ. ಮೈಸೂರಿನವರು ಇನ್ನೇನಕ್ಕೆ ಹಾಕುತ್ತಾರೆ? ಅದರ ಪುಡಿಗೆ ನನ್ನ ಮೈಯೆಲ್ಲ ತುರಿಕೆ. ಅಂಥದ್ದನ್ನು ಇನ್ನೊಬ್ಬರ ಬಾಯಿಗೆ ಕೊಡಲು ಮನಸ್ಸು ಬರಲಿಲ್ಲ. ಮಾವು ಮೂರನೇ ಸಲಕ್ಕೇ ತಳ ಸುಟ್ಟು ತೂತಾಯಿತು. ಬೇವು ಕಹಿ, ಗೊತ್ತಿದ್ದೂ ಮಾಡಿದೆ, ಸುಮ್ನೆ. ಸೀಬೆ ಬೆಣ್ಣೆಯ ಹಾಗೆ ಕಡೆಯಿತು, ಬೇಸಿಗೆ ಬಂದಾಗ 11ರಲ್ಲಿ 9 ಸೀಳಿದವು. ಆ ವರ್ಷ ಹೆಚ್ಚುಕಮ್ಮಿ 14,000 ರೂಪಾಯಿ ಹೋಯಿತು. "ಬಚ್ಚಲ ಒಲೆಗೆ ಸೌದೆ ಕೊಳ್ಳಲಿಲ್ಲ, ಅದೇ ಲಾಭ" ಎಂದು ನಮ್ಮ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಮಂಡ್ಯದ ಹತ್ತಿರ ಒಂದು ಸೌದೆ ಡಿಪೋದಲ್ಲಿ ಮುದಿ ಹುಣಸೆ ಕೊರಡು ಬಿದ್ದಿತ್ತು. ಗಾಣಕ್ಕೆ, ಮಾಂಸ ಕಡಿಯುವ ಕೊರಡಿಗೆ ತಡೆಯುವ ಮರ, ಬೆಂಕಿಗೂ ತಡೆದೀತು ಅಂದುಕೊಂಡೆ. ಹೊರಗಿನ ಬಿಳಿ ಭಾಗ ಬೇಡವೇ ಬೇಡ, ಹುಳ ಬೀಳುತ್ತದೆ. ನಡುವಿನ ಕಪ್ಪು ಚೇಗು ಮಾತ್ರ. ಕುದಿಸಿ, ತುದಿಗೆ ಮೇಣ ಬಳಿದು, ಅಟ್ಟದ ಮೇಲೆ ಒಂದೂವರೆ ವರ್ಷ ಬಿಟ್ಟೆ. ಎಷ್ಟು ಹೊತ್ತು ಕುದಿಸಿದೆ, ನೀರಿಗೆ ಏನು ಹಾಕಿದೆ ಎಂದು ಕೇಳಬೇಡಿ. ಅಷ್ಟಾದರೂ ನನ್ನ ಹತ್ತಿರ ಇರಲಿ.

ಹೊಗೆಸೊಪ್ಪು ತುಂಬುವ ಗುಳಿ 19 ಮಿಲಿಮೀಟರ್, ಹೊಗೆ ದಾರಿ 4. ಗೋಡೆ ಮಾತ್ರ ಜಾಸ್ತಿ ದಪ್ಪ, 9ರವರೆಗೂ ಬಿಡುತ್ತೇನೆ. ಒಂದು ಪೈಪಿಗೆ ಮೂರು ಸಲ ಉಳಿ ಸಾಣೆ ಹಿಡಿಯಬೇಕು. ಗುಳಿಯೊಳಗೆ ಮಜ್ಜಿಗೆಯಲ್ಲಿ ಇದ್ದಿಲ ಪುಡಿ ಕಲಸಿ ತೆಳ್ಳಗೆ ಬಳಿಯುತ್ತೇನೆ. ಗಟ್ಟಿ ಮೊಸರಲ್ಲೂ ನೋಡಿದೆ, ವಾರವೆಲ್ಲ ನಾತ. ಜೇನುತುಪ್ಪಕ್ಕೆ ಇರುವೆ ಸಾಲು ಹಿಡಿಯಿತು.

ಬಳ್ಳಾರಿ ಜಾಲಿಯಲ್ಲೂ ನಾಲ್ಕು ಕಡೆದಿದ್ದೇನೆ. ಅಮೆರಿಕದಲ್ಲಿ ಅದರ ದಾಯಾದಿ ಮೆಸ್ಕೀಟ್‌ನಿಂದ ಪೈಪು ಮಾಡುತ್ತಾರೆ. ಮರ ಪುಕ್ಕಟೆ, ಆದರೆ ಮುಳ್ಳು ಚುಚ್ಚಿ ಬೆರಳು ವಾರ ಬಾತಿತ್ತು.

ಮೊದಲ ಹುಣಸೆ ಪೈಪು ಹೋಗಿದ್ದು ಹುಣಸೂರಿಗೇ, ಹೊಗೆಸೊಪ್ಪು ಬೆಳೆಯುವ ಗೆಳೆಯರೊಬ್ಬರಿಗೆ. ಎಂಟು ತಿಂಗಳಿಂದ ದಿನಕ್ಕೆರಡು ಸಲ ಸೇದಿದ್ದಾರೆ. ಒಳಗೆ ಮಸಿ ಕಟ್ಟಿದೆ, ಸೀಳಿಲ್ಲ. ಬಾಯಿಗೆ ಇಡುವ ಎಬೊನೈಟ್ (ಗಟ್ಟಿ ರಬ್ಬರ್) ಕಡ್ಡಿ ಸೇರಿ ಖರ್ಚು 700ರ ಸುತ್ತ, ಮಾರುವುದು 2,800ಕ್ಕೆ.

ಆ ಹಿರಿಯರು ಹೋಗುವಾಗ ಎರಡು ತುಂಡು ಚೇಗು ಕೇಳಿದರು. ಕೊಟ್ಟೆ. ಕುದಿಸದೇ ಇದ್ದದ್ದು.