ಶ್ರೀಲಂಕೆಯ ಮುಂಗಾರನ್ನು ಬೆಂಗಳೂರಿನಲ್ಲಿ ಕುಳಿತು ಅಳೆದದ್ದು

ಮೇಯಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮುಂಗಾರು ಶ್ರೀಲಂಕೆಯಲ್ಲಿ ಒಂದು ವರ್ಷ ಧಾರಾಳ, ಇನ್ನೊಂದು ವರ್ಷ ಬಲು ಜಿಪುಣ. ಈ ಏರುಪೇರಿನ ಹಿಂದೆ ಯಾವ ಸಮುದ್ರದ ಬಿಸಿ ಇದೆ ಎಂದು ಹುಡುಕಲು ಹೊರಟ ನಾನು ಮೊದಲ ಮೂರು ತಿಂಗಳ ಕೆಲಸವನ್ನು ಕೈಬಿಡಬೇಕಾಯಿತು. ಇಡೀ ದ್ವೀಪಕ್ಕೆ ಒಂದೇ ಸರಾಸರಿ ತೆಗೆದಿದ್ದೆ.

ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಅಂಕಿ ಯಾವ ಊರಿಗೂ ಸೇರುವುದಿಲ್ಲ. ಮಲೆನಾಡು ಬಲ್ಲ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಶ್ರೀಲಂಕೆಯ ನಡುವೆ ಎರಡೂವರೆ ಸಾವಿರ ಮೀಟರ್ ಎತ್ತರದ ಬೆಟ್ಟಸಾಲಿದೆ. ಮುಂಗಾರಿನ ಗಾಳಿ ಬಂದು ತಾಗುವ ಕಡೆ ಇರುವ ರತ್ನಪುರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟದ ಪೂರ್ವಕ್ಕೆ ಅದೇ ಗಾಳಿ ಒಣಗಿ, ಕಾದು ಇಳಿಯುತ್ತದೆ. ಅಲ್ಲಿನವರು ಅದನ್ನು ಕಚ್ಚಾನ್ ಎನ್ನುತ್ತಾರೆ. ಗಾಳಿ ಬಲವಾದರೆ ಪಶ್ಚಿಮದ ಇಳಿಜಾರು ತೊಯ್ಯುತ್ತದೆ, ಪೂರ್ವ ಒಣಗುತ್ತದೆ. ಗಾಳಿ ಸಡಿಲಿಸಿದರೆ ಪೂರ್ವದಲ್ಲಿ ಸಂಜೆಯ ಗುಡುಗುಮಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥ ಎರಡು ಪ್ರದೇಶಗಳನ್ನು ನಾನು ಒಂದೇ ನೊಗಕ್ಕೆ ಕಟ್ಟಿದ್ದೆ.

ಹೀಗಾಗಿ 1981ರಿಂದ 2020ರವರೆಗಿನ ನಲವತ್ತು ವರ್ಷಗಳ ಉಪಗ್ರಹ ಆಧಾರಿತ ಮಳೆ ದತ್ತಾಂಶವನ್ನು, ಸುಮಾರು ಐದು ಕಿಲೋಮೀಟರಿನ ಚೌಕಗಳಲ್ಲಿ, ಬೆಟ್ಟದ ಆಚೆ ಈಚೆ ಎಂದು ಬೇರ್ಪಡಿಸಿದೆ. ತಾಳೆ ನೋಡಲು ಮಳೆಮಾಪನ ಕೇಂದ್ರಗಳ ಪಟ್ಟಿಯನ್ನೂ ತೆಗೆದುಕೊಂಡೆ. ಪೂರ್ವ ಕರಾವಳಿಯ ಒಂದು ಕೇಂದ್ರದ ಸಾಲಿನಲ್ಲಿ ಡಿಸೆಂಬರ್ ತಿಂಗಳಿಗೆ ಸೊನ್ನೆ ಇತ್ತು. ಆ ಕರಾವಳಿಗೆ ವರ್ಷದ ದೊಡ್ಡ ಮಳೆ ಬರುವುದೇ ಆಗ. ಪಕ್ಕದ ಕೇಂದ್ರಗಳಲ್ಲಿ ಅದೇ ತಿಂಗಳು ನೂರಾರು ಮಿಲಿಮೀಟರ್ ಸುರಿದಿತ್ತು. ಅಂದರೆ ಅದು ಮಳೆಯಿಲ್ಲದ ಸೊನ್ನೆಯಲ್ಲ, ಅಳತೆ ಬರೆಯದೆ ಬಿಟ್ಟ ಜಾಗ. ಅಂದಿನಿಂದ ಪ್ರತಿ ಸೊನ್ನೆಯನ್ನೂ ನೆರೆಯ ಕೇಂದ್ರಗಳ ಜೊತೆ ಇಟ್ಟು ಕಣ್ಣಾರೆ ನೋಡಿದೆ. ಎರಡು ವಾರ ಹಿಡಿಯಿತು. ಈ ಕೆಲಸವನ್ನು ಯಂತ್ರಕ್ಕೆ ಪೂರ್ತಿ ವಹಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನದು ಕಾಲದ ವಿಭಜನೆ. ನಮ್ಮ ರೈತರು ಮುಂಗಾರು ಹೇಗಿತ್ತು ಎಂದರೆ ಒಂದೇ ಮಾತಿನಲ್ಲಿ ಹೇಳುವುದಿಲ್ಲ. ರೋಹಿಣಿ ಹದವಾಗಿ ಬಂತು, ಆರಿದ್ರಾ ಕೈಕೊಟ್ಟಿತು ಎನ್ನುತ್ತಾರೆ. ಹದಿಮೂರು, ಹದಿನಾಲ್ಕು ದಿನಕ್ಕೊಂದು ಮಳೆ. ನಾನೂ ಐದು ತಿಂಗಳ ಮೊತ್ತವನ್ನು ಒಡೆದೆ. ಒಡೆದ ಕೂಡಲೇ ಮೇ ತಿಂಗಳು ಪ್ರತ್ಯೇಕವಾಗಿ ನಿಂತಿತು. ಆ ತಿಂಗಳ ದೊಡ್ಡ ಮಳೆಗಳ ಹಿಂದೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿರುತ್ತವೆ. 2016ರ ಮೇಯಲ್ಲಿ ರೋನು ಚಂಡಮಾರುತವಾಗಿ ಬೆಳೆದ ವ್ಯವಸ್ಥೆ ಅಂಥದ್ದು. 2017ರ ಮೇ ಕೊನೆಯ ನೆರೆ ಮತ್ತು ಭೂಕುಸಿತಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪೆಸಿಫಿಕ್ ಸಾಗರದ ಉಷ್ಣತೆ ಈ ನಾಲ್ಕೈದು ದಿನಗಳ ಲೆಕ್ಕ ಕೊಡುವುದಿಲ್ಲ.

ಜೂನ್‌ನಿಂದ ಆಚೆಗೆ ಬೇರೆ ಕೈ ಕಾಣಿಸುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರು ಡಿ. ಆರ್. ಸಿಕ್ಕಾ ಅವರೊಂದಿಗೆ 1980ರಲ್ಲಿ ತೋರಿಸಿದ ಸಂಗತಿ ಇದು: ಸಮಭಾಜಕದ ಬಳಿ ಹುಟ್ಟುವ ಮೋಡದ ಪಟ್ಟಿ ಎರಡರಿಂದ ಆರು ವಾರಗಳಿಗೊಮ್ಮೆ ಉತ್ತರಕ್ಕೆ ಸರಿಯುತ್ತದೆ. ಶ್ರೀಲಂಕೆ ಆ ದಾರಿಯ ಹೊಸ್ತಿಲಲ್ಲೇ ಇದೆ. ಪಟ್ಟಿ ಮಧ್ಯ ಭಾರತ ಮುಟ್ಟಿದಾಗ ದ್ವೀಪ ಮುಂದಿನ ಪಟ್ಟಿಗಾಗಿ ಕಾಯುತ್ತದೆ. ನನ್ನ ಕೋಷ್ಟಕದಲ್ಲಿ ಈ ಬರುಹೋಗು ಕಂಡ ರಾತ್ರಿ ಕಚೇರಿಯಿಂದ ಏಳಲು ಮನಸ್ಸಾಗಲಿಲ್ಲ.

ಎಲ್ ನಿನೊ ಎಂದರೆ ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗ ವಾಡಿಕೆಗಿಂತ ಕಾಯುವುದು; ದ್ವಿಧ್ರುವ ಎಂದರೆ ಹಿಂದೂ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ಉಷ್ಣತೆಯ ಏರುಪೇರು. ಇವೆರಡನ್ನು ಬಿಡಿಸುವುದು ತ್ರಾಸದ ಕೆಲಸ, ಏಕೆಂದರೆ 1997ರಂತೆ ಅವು ಹಲವು ಬಾರಿ ಜೊತೆಯಾಗಿ ಬರುತ್ತವೆ. ಒಂದರ ಪಾಲು ಕಳೆದು ಇನ್ನೊಂದನ್ನು ನೋಡಿದೆ. ಇಲ್ಲಿ ಇನ್ನೊಂದು ಎಚ್ಚರಿಕೆ: ದ್ವಿಧ್ರುವ ಬಲಿಯುವುದು ಸೆಪ್ಟೆಂಬರ್‌ನಿಂದ ನವೆಂಬರಿನಲ್ಲಿ. ಆ ತಿಂಗಳುಗಳ ದ್ವಿಧ್ರುವದ ಅಳತೆಯನ್ನು ಜೂನ್ ಮಳೆಗೆ ಕಾರಣವೆಂದು ಹಚ್ಚಿದರೆ ಮಗನನ್ನು ತಂದೆಗೆ ಹಿರಿಯನನ್ನಾಗಿ ಮಾಡಿದಂತೆ. ನಲವತ್ತು ವರ್ಷಗಳ ಮಾಹಿತಿಯಲ್ಲಿ 0.31ಕ್ಕಿಂತ ಕಡಿಮೆ ಸಹಸಂಬಂಧವನ್ನು (ಎರಡು ಸಂಗತಿಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಂಕಿ; ಒಂದು ಎಂದರೆ ಪೂರ್ತಿ ಹೊಂದಿಕೆ) ಆಕಸ್ಮಿಕವೆಂದೇ ಬದಿಗಿಟ್ಟೆ. ಮುಂಗಾರಿನಲ್ಲಿ ಎಲ್ ನಿನೊ ಮಳೆಯನ್ನು ತಗ್ಗಿಸುವ ಕಡೆಗೇ ವಾಲಿತು, ಆದರೆ ಹಿಡಿತ ಸಡಿಲ.

ಅಕ್ಟೋಬರ್ ದಾಟಿದರೆ ಅದೇ ಎಲ್ ನಿನೊ ತಿರುಗಿ ನಿಲ್ಲುತ್ತದೆ. ಹಿಂಗಾರಿನಲ್ಲಿ ದ್ವೀಪಕ್ಕೂ ದಕ್ಷಿಣ ಭಾರತದ ಪೂರ್ವ ಭಾಗಕ್ಕೂ ಮಳೆ ಹೆಚ್ಚುವ ಒಲವು. ಚೆನ್ನೈ ಮುಳುಗಿದ 2015 ಪ್ರಬಲ ಎಲ್ ನಿನೊ ವರ್ಷ. ಬೆಂಗಳೂರಿನಲ್ಲಿ ಪರಿಚಯದವರು ಫೋನು ಮಾಡಿ, "ಎಲ್ ನಿನೊ ಅಂತೆ, ಈ ಸಲ ಮಳೆ ಇಲ್ಲವಾ?" ಎಂದು ಕೇಳಿದಾಗ ನಾನು ಮೊದಲು ಕೇಳುವುದು ಎರಡೇ: ಯಾವ ಊರು, ಯಾವ ತಿಂಗಳು?