ಸಮುವೇಲನಿಗೆ ಬಾಗಿಲು ತೆರೆಯುವ ಕೆಲಸವಿತ್ತು

ಸತ್ಯವೇದದ (ಬೈಬಲಿನ) ಬಾಲಕ ಸಮುವೇಲನನ್ನು ದೇವರು ರಾತ್ರಿ ಹೆಸರು ಹಿಡಿದು ಕರೆದದ್ದನ್ನು ಸಂಡೇ ಸ್ಕೂಲಿನ ಪ್ರತಿ ಮಗುವೂ ಹೇಳುತ್ತದೆ. ಬೆಳಗಾದ ಮೇಲೆ ಅವನೆದ್ದು ಯೆಹೋವನ ಮಂದಿರದ ಬಾಗಿಲುಗಳನ್ನು ತೆರೆದ ಎಂಬ ಮಾತು (1 ಸಮುವೇಲ 3:15) ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಕರೆ ಕೇಳಿಸುವ ಮೊದಲೇ ಅವನಿಗೆ ಆ ಮನೆಯಲ್ಲಿ ಒಂದು ಕೆಲಸವಿತ್ತು. ನಮ್ಮ ಸಭೆಯ ಮಕ್ಕಳ ಸೇವೆಯನ್ನು ನಾವು ಕಟ್ಟಿರುವುದು ಇದರ ಮೇಲೆಯೇ: ಮಗುವಿಗೆ ಮುಖ್ಯ ಆರಾಧನೆಯಲ್ಲಿ ನಿಜವಾದ ಕೆಲಸವೊಂದು ಇರಬೇಕು, ಮಗು ಬರದಿದ್ದರೆ ಆ ಕೆಲಸ ನಿಲ್ಲುವಂತಿರಬೇಕು.

ವಯಸ್ಸಿಗೆ ತಕ್ಕಂತೆ ಕೆಲಸ ಬೇರೆ. ನಾಲ್ಕರಿಂದ ಆರು ವರ್ಷದವರು ಗೀತೆಪುಸ್ತಕ ಹಂಚುತ್ತಾರೆ, ಸತ್ಯವೇದವನ್ನು ಪೀಠಕ್ಕೆ ತಂದಿಡುತ್ತಾರೆ. ಏಳರಿಂದ ಒಂಬತ್ತರವರು ಕೀರ್ತನೆಯ ಪಲ್ಲವಿ ಹೇಳಿಕೊಡುತ್ತಾರೆ, ಸಭೆ ಅವರ ಹಿಂದೆ ಹೇಳುತ್ತದೆ. ಹತ್ತು ದಾಟಿದವರಿಗೆ ಸತ್ಯವೇದ ವಾಚನ.

ವಾಚನದ ತಯಾರಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚು ಕೆಡುವುದು ಇಲ್ಲಿಯೇ. ಭಾಗವನ್ನು ಹತ್ತು ದಿನ ಮೊದಲು ಕೊಡುತ್ತೇವೆ. ಹನ್ನೆರಡು ವಚನಕ್ಕಿಂತ ಉದ್ದವಾದರೆ ಇಬ್ಬರಿಗೆ ಹಂಚುತ್ತೇವೆ. ದೊಡ್ಡ ಅಕ್ಷರದಲ್ಲಿ ಬರೆದ ಪ್ರತಿಯಲ್ಲಿ ಉಸಿರು ತೆಗೆದುಕೊಳ್ಳುವ ಕಡೆ ಅಡ್ಡಗೆರೆ ಇರುತ್ತದೆ. ನೆಬೂಕದ್ನೆಚ್ಚರನಂಥ ಹೆಸರುಗಳನ್ನು ನೆ-ಬೂ-ಕದ್-ನೆಚ್-ಚರ ಎಂದು ಒಡೆದು ಬರೆದಿರುತ್ತೇವೆ. ಶನಿವಾರ ಖಾಲಿ ದೇವಾಲಯದಲ್ಲಿ ಇಪ್ಪತ್ತು ನಿಮಿಷ ಅಭ್ಯಾಸ: ಮಗು ಓದುತ್ತದೆ, ಒಬ್ಬರು ಕೊನೆಯ ಸಾಲಿನಲ್ಲಿ ಕುಳಿತು ಕೇಳಿಸದ ಕಡೆ ಕೈಯೆತ್ತುತ್ತಾರೆ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಪಕ್ಕಕ್ಕೆ. ನೇರವಾಗಿಟ್ಟರೆ ಪ, ಫ, ಭ ಬಂದಾಗಲೆಲ್ಲ ಸ್ಪೀಕರ್ ಗುದ್ದಿದಂತೆ ಸದ್ದಾಗುತ್ತದೆ, ಮಗು ಬೆಚ್ಚಿ ಸಾಲು ತಪ್ಪುತ್ತದೆ. ಪೀಠ ಎತ್ತರವಾಗಿದ್ದರೆ ಕಾಲಡಿಗೆ ಅಲುಗಾಡದ ಮಣೆ ಬೇಕು.

ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಹಿಡಿದು, "ಇವತ್ತು ನೀನು ಓದು ಮಗಾ" ಎನ್ನುವುದು ದೊಡ್ಡ ತಪ್ಪು. ತೊದಲಿದ ಮಗು ವರ್ಷಗಟ್ಟಲೆ ಮುಂದೆ ಬರಲು ಹೆದರಬಹುದು. ಕುಳಿತಲ್ಲಿಂದಲೇ ಉಚ್ಚಾರ ತಿದ್ದುವ ಹಿರಿಯರಿಗೆ ಮೊದಲೇ ಬಿನ್ನಹ ಮಾಡಿಕೊಳ್ಳಬೇಕು. ಚೆನ್ನಾಗಿ ಓದುವ ಒಬ್ಬಳಿಗೇ ತಿಂಗಳು ತಿಂಗಳೂ ಅವಕಾಶ ಸಿಕ್ಕರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ಅದಕ್ಕೆ ಮೂರು ತಿಂಗಳ ಸರದಿಪಟ್ಟಿ ಬರೆದು ಗೋಡೆಗೆ ಅಂಟಿಸುತ್ತೇವೆ. ಓದು ಬಾರದ, ಸಭಾಕಂಪವಿರುವ ಮಗುವಿಗೂ ಪಟ್ಟಿಯಲ್ಲಿ ಕೆಲಸವಿರುತ್ತದೆ.

ಹದಿಮೂರರಿಂದ ಹದಿನೈದರವರು ಇತರರಿಗಾಗಿ ಬೇಡುವ ವಿಜ್ಞಾಪನೆಯ ಪ್ರಾರ್ಥನೆ ಬರೆಯುತ್ತಾರೆ. ಮೂರೇ ವಾಕ್ಯ: ಯಾರಿಗಾಗಿ, ಏನನ್ನು ಬೇಡುತ್ತೇವೆ, ನಾವೇನು ಮಾಡಲು ಸಿದ್ಧ. ಅವರ ಭಾಷೆಯನ್ನು ತಿದ್ದಿ ಗ್ರಾಂಥಿಕ ಮಾಡಬಾರದು. ನಾವು ನೋಡುವುದು ಒಂದನ್ನೇ, ಕಾಯಿಲೆಯವರ ಹೆಸರು ಹೇಳಲು ಆ ಮನೆಯವರ ಒಪ್ಪಿಗೆ ಇದೆಯೇ ಎಂದು.

ಸುರಕ್ಷತೆಯ ನಿಯಮಗಳಲ್ಲಿ ರಿಯಾಯಿತಿ ಇಲ್ಲ. ಯಾವ ಕೊಠಡಿಯಲ್ಲೂ ಮಕ್ಕಳ ಜೊತೆ ಒಂದೇ ಕುಟುಂಬದವರಲ್ಲದ ಇಬ್ಬರು ದೊಡ್ಡವರು, ತೆರೆದ ಬಾಗಿಲು. ಎಂಟು ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಬೇಕು, ಆದರೂ ಇಬ್ಬರಿಗಿಂತ ಕಡಿಮೆ ಇರಕೂಡದು. ಹದಿನೆಂಟರೊಳಗಿನವರಿಗೆ ಫೋನಿನಲ್ಲಿ ಖಾಸಗಿ ಸಂದೇಶ ಕಳುಹಿಸುವಂತಿಲ್ಲ, ತಂದೆತಾಯಿ ಇರುವ ಗುಂಪಿನಲ್ಲೇ ಮಾತು. ಸಭಾಪಾಲಕರಿಗೂ ಇದೇ ನಿಯಮ.

ಯೌವನಸ್ಥರ ಕೂಟದ ಸಮಯವನ್ನು ಹಿರಿಯರ ಅನುಕೂಲ ನೋಡಿ ಇಟ್ಟರೆ ಯೌವನಸ್ಥರೇ ಬರುವುದಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಆರಂಭಿಸಿದಾಗ ಭಾನುವಾರವನ್ನು ಆರಿಸಿಕೊಂಡದ್ದು ಉಳಿದ ಆರು ದಿನ ಮಕ್ಕಳು ದುಡಿಯುತ್ತಿದ್ದರೆಂದು. ಅದೇ ಲೆಕ್ಕ ಇಂದಿಗೂ ಬೇಕು. ಪರೀಕ್ಷೆಯ ತಿಂಗಳಲ್ಲಿ ಕೂಟವನ್ನು ಅರ್ಧ ಗಂಟೆಯ ಪ್ರಾರ್ಥನೆಗೆ ಇಳಿಸುತ್ತೇವೆ. ಪಾಳಿ ಕೆಲಸದವರಿಗೆ ವಾರದ ನಡುವೆ ಇನ್ನೊಂದು ಹೊತ್ತು ಇಡುತ್ತೇವೆ.

ಕೂಟದಲ್ಲಿ ಪ್ರಶ್ನೆಗಳನ್ನು ಚೀಟಿಯಲ್ಲಿ ಹೆಸರಿಲ್ಲದೆ ಬರೆಸುತ್ತೇವೆ. ನೋವು ಏಕೆ, ಉತ್ತರ ಸಿಗದ ಪ್ರಾರ್ಥನೆ, ವಿಜ್ಞಾನ ಮತ್ತು ಆದಿಕಾಂಡ, ಇವು ಬಂದೇ ಬರುತ್ತವೆ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಮುಂದಿನ ವಾರ ಓದಿಕೊಂಡು ಬರುತ್ತೇನೆ" ಎಂದು ಹೇಳಿ, ಮುಂದಿನ ವಾರ ಅದರಿಂದಲೇ ಆರಂಭಿಸಬೇಕು. ಮರೆತರೆ ಚೀಟಿಗಳು ಬರುವುದು ನಿಲ್ಲುತ್ತದೆ. ಸಂಶಯಪಡುವವರನ್ನು ಸೇವೆಯ ಪಟ್ಟಿಯಿಂದ ತೆಗೆಯುವ ಅಭ್ಯಾಸ ಅಲ್ಲಲ್ಲಿ ಇದೆ, ಅದು ನನಗೆ ನೋವು ಕೊಡುತ್ತದೆ. ಯೇಸು ಸತ್ತು ಎದ್ದದ್ದನ್ನು ನಾನು ನಂಬುವುದಿಲ್ಲ ಎಂದ ಶಿಷ್ಯ ತೋಮನು ಎಂಟು ದಿನವಾದ ಮೇಲೂ ಶಿಷ್ಯರ ನಡುವೆಯೇ ಇದ್ದ (ಯೋಹಾನ 20:26). ಯಾರೂ ಅವನನ್ನು ಹೊರಗಿಟ್ಟಿರಲಿಲ್ಲ. ಅದರಿಂದಲೇ ಕರ್ತನು ಬಂದಾಗ ಅವನು ಅಲ್ಲಿದ್ದ.

ಸಭೆಯ ಸಮಿತಿಗೆ ಯೌವನಸ್ಥರನ್ನು ಸೇರಿಸುವುದಾದರೆ ಇಬ್ಬರನ್ನು ಸೇರಿಸಿ, ಮತದ ಹಕ್ಕಿನೊಂದಿಗೆ. ಒಬ್ಬರೇ ಇದ್ದರೆ ಹಿರಿಯರ ಮುಂದೆ ಬಾಯಿ ಬಿಡುವುದಿಲ್ಲ. ಒಂದು ಮೊತ್ತವನ್ನೂ ಅವರ ಕೈಗೆ ಬಿಡಿ. ಖರ್ಚು ಮಾಡಿ ಲೆಕ್ಕ ಒಪ್ಪಿಸಲಿ. 1881ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಕ್ರಿಶ್ಚಿಯನ್ ಎಂಡೆವರ್ ಸಂಘ ಕಟ್ಟಿದಾಗ ಪ್ರತಿ ಸದಸ್ಯರೂ ಕೂಟದಲ್ಲಿ ಭಾಗವಹಿಸುವ ಪ್ರತಿಜ್ಞೆ ಮಾಡಬೇಕಿತ್ತು. ಸುಮ್ಮನೆ ಕೂತು ಹೋಗುವ ಸದಸ್ಯತ್ವ ಅಲ್ಲಿರಲಿಲ್ಲ.

ಯುವಜನರು ಕೈತಪ್ಪುವುದು ಹೆಚ್ಚಾಗಿ ಎರಡು ಘಟ್ಟಗಳಲ್ಲಿ. ಮೊದಲನೆಯದು ದೃಢೀಕರಣ, ಅಂದರೆ ತರಗತಿ ಮುಗಿಸಿದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿ ಹೇಳುವ ವಿಧಿ. ಅದನ್ನು ಶಾಲೆ ಮುಗಿಸಿದಂತೆ ಆಚರಿಸಿದರೆ ಮಕ್ಕಳೂ ಮುಗಿಯಿತೆಂದೇ ತಿಳಿಯುತ್ತಾರೆ. ನಾವು ತರಗತಿಯ ಕೊನೆಯ ತಿಂಗಳಲ್ಲೇ ಪ್ರತಿಯೊಬ್ಬರಿಗೂ ಹೊಸ ಕೆಲಸ ಗೊತ್ತುಮಾಡುತ್ತೇವೆ, ಅದು ದೃಢೀಕರಣದ ಮರುಭಾನುವಾರವೇ ಶುರುವಾಗುತ್ತದೆ. ಎರಡನೆಯದು ಓದಿಗೋ ಕೆಲಸಕ್ಕೋ ಊರು ಬಿಡುವ ಹೊತ್ತು. ಹೋಗುವವರ ಪಟ್ಟಿಯನ್ನು ಒಬ್ಬರು ಇಟ್ಟುಕೊಳ್ಳಬೇಕು. ಹೋಗುವವರನ್ನು ಕೇಳಿ, ಆ ಊರಿನ ಸಭಾಪಾಲಕರಿಗೆ ಮೊದಲೇ ಕಾಗದ ಬರೆಯಬೇಕು. ಹೋದ ಎರಡು ವಾರದೊಳಗೆ ಒಂದು ಫೋನ್ ಮಾಡಬೇಕು, ತಡವಾದರೆ ಭಾನುವಾರ ಮಲಗಿರುವುದೇ ರೂಢಿಯಾಗಿಬಿಡುತ್ತದೆ. "ಒಳ್ಳೆಯ ಹುಡುಗ, ದೈವಭಕ್ತ" ಎಂದಷ್ಟೇ ಬರೆದ ಕಾಗದದಿಂದ ಉಪಯೋಗವಿಲ್ಲ. ಧ್ವನಿವ್ಯವಸ್ಥೆ ನೋಡಿಕೊಳ್ಳಬಲ್ಲ, ಚಿಕ್ಕ ಮಕ್ಕಳ ತರಗತಿಯಲ್ಲಿ ಸಹಾಯ ಮಾಡಿದ್ದಾನೆ, ತಬಲಾ ಬಾರಿಸುತ್ತಾನೆ ಎಂದು ಬರೆದರೆ ಅಲ್ಲಿಯವರು ಎರಡನೇ ಭಾನುವಾರವೇ ಅವನ ಕೈಗೆ ಕೆಲಸ ಕೊಡಬಹುದು.