ಸಾನ್‌ಪಾವ್‌ತಾಯ್: ಹುಯ್ ಮನೆಗಳ ಮುಚ್ಚಳದ ಬಟ್ಟಲಿನ ಚಹಾ

ಚೀನಾದ ನಿಂಗ್‌ಶ್ಯಾ ಹುಯ್ ಸ್ವಾಯತ್ತ ಪ್ರದೇಶದಲ್ಲೂ ನೆರೆಯ ಗಾನ್ಸು ಪ್ರಾಂತದ ಲಿನ್‌ಶ್ಯಾದಲ್ಲೂ ಮನೆಗೆ ಬಂದವರ ಮುಂದೆ ಮೊದಲು ಬರುವುದು ಮುಚ್ಚಳದ ಚಹಾ ಬಟ್ಟಲು. ಮುಸ್ಲಿಮರಾದ ಹುಯ್ ಜನರ ಅತಿಥಿಸತ್ಕಾರದಲ್ಲಿ ಮದ್ಯಕ್ಕೆ ಜಾಗವಿಲ್ಲ, ಆ ಮರ್ಯಾದೆಯೆಲ್ಲ ಚಹಾಕ್ಕೆ. ತಟ್ಟೆ, ಬಟ್ಟಲು, ಮುಚ್ಚಳ ಮೂರೂ ಸೇರಿ ‘ಸಾನ್‌ಪಾವ್‌ತಾಯ್’. ಒಳಗಿನ ಸಾಮಾನು ಎಂಟು ಬಗೆಯದಾದರೆ ಅದು ‘ಬಾಬಾವ್ ಛಾ’, ಅಂದರೆ ಎಂಟು ರತ್ನಗಳ ಚಹಾ. ಎಂಟು ಆಗಲೇಬೇಕೆಂಬ ಹಟ ಯಾರಿಗೂ ಇಲ್ಲ.

ಇದು ಒಂದೇ ಸಲ ಕುಡಿದು ಮುಗಿಸುವ ಚಹಾ ಅಲ್ಲ ಅನ್ನುವುದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದೇ ಬಟ್ಟಲಿಗೆ ನಾಲ್ಕೈದು ಸಲ ಬಿಸಿನೀರು ಬೀಳುತ್ತದೆ. ಯಾವ ಸಾಮಾನು ಯಾವ ಸುತ್ತಿನಲ್ಲಿ ರುಚಿ ಬಿಡುತ್ತದೆ ಎಂದು ನೋಡಿಯೇ ಒಂದೊಂದನ್ನೂ ಆರಿಸಬೇಕು.

ಸುಮಾರು 200 ಮಿಲಿಲೀಟರ್ ಹಿಡಿಯುವ ಒಂದು ಬಟ್ಟಲಿಗೆ 3 ಗ್ರಾಂ ಹಸಿರು ಚಹಾ ಎಲೆ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಎರಡು ಕಲ್ಲುಸಕ್ಕರೆ ಹರಳು, ಒಣಗಿಸಿದ ಕೆಂಪು ಜುಜುಬೆ 2, ಒಣ ಲಾಂಗನ್ (ಲಿಚಿಯ ಜಾತಿಯ ಹಣ್ಣು) 2, ಗೋಜಿ ಎಂಬ ಪುಟ್ಟ ಕೆಂಪು ಹಣ್ಣು 10, ಒಣದ್ರಾಕ್ಷಿ 6–8, ಅರ್ಧ ಆಕ್ರೋಟದ ತಿರುಳು, ಅರ್ಧ ಚಮಚ ಹುರಿದ ಬಿಳಿ ಎಳ್ಳು.

ಜುಜುಬೆ ನಮ್ಮ ಬೋರೆಹಣ್ಣಿನ ಹತ್ತಿರದ ನೆಂಟ. ಅನುವಾದಗಳಲ್ಲಿ ಇದನ್ನು ‘ಖರ್ಜೂರ’ ಎಂದು ಬರೆದುಬಿಡುತ್ತಾರೆ. ಅದನ್ನು ನಂಬಿ ಖರ್ಜೂರ ಹಾಕಿದರೆ ಎರಡನೇ ಸುತ್ತಿಗೆ ಅದು ಕರಗಿ, ಚಹಾ ರಾಡಿಯಾಗುತ್ತದೆ. ಜುಜುಬೆಯ ಸಿಪ್ಪೆ ಗಟ್ಟಿ. ಇಡಿಯಾಗಿ ಹಾಕಿದರೆ ಕೊನೆಯ ತನಕವೂ ರುಚಿ ಬಿಡದು, ಆದ್ದರಿಂದ ಚಾಕುವಿನಿಂದ ಉದ್ದಕ್ಕೆ ಮೂರ್ನಾಲ್ಕು ಕಡೆ ಸೀಳಿ. ಲಾಂಗನ್‌ನ ಚಿಪ್ಪು ಒಡೆದು ತೆಗೆಯಿರಿ.

ಗೋಜಿಯಲ್ಲಿ ಹೆಸರಾದದ್ದು ನಿಂಗ್‌ಶ್ಯಾದ ಝೋಂಗ್‌ನಿಂಗ್‌ನದು. ಚಿಂಗ್‌ಶುಯ್ ನದಿ ಬಂದು ಹಳದಿ ನದಿಯನ್ನು ಸೇರುವ ಜಾಗ ಅದು. ಮಳೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಅಷ್ಟೇ, ಬೆಳೆಯೆಲ್ಲ ನದಿಯ ಕಾಲುವೆ ನೀರಿನ ಮೇಲೆ. ಹಗಲಿನ ಸುಡುಬಿಸಿಲು, ರಾತ್ರಿಯ ತಂಪು ಎರಡೂ ಸೇರಿ ಹಣ್ಣಿಗೆ ಸಿಹಿ ಕಟ್ಟುತ್ತದೆ. ಕೊಳ್ಳುವಾಗ ತೊಟ್ಟಿನ ಗುರುತು ನೋಡಿ: ಅದು ಬೆಳ್ಳಗಿದ್ದು ಮೈ ಗಾಢ ಕೆಂಪಾಗಿದ್ದರೆ ಒಳ್ಳೆಯದು. ತೊಟ್ಟಿನ ಜಾಗವೂ ಕೆಂಪಾಗಿದ್ದರೆ ಬಣ್ಣ ಹಾಕಿರುವ ಅನುಮಾನ ಪಡಬೇಕು. ನಾಲ್ಕು ಹಣ್ಣನ್ನು ಬಿಸಿನೀರಿಗೆ ಹಾಕಿದರೆ ನೀರು ತಿಳಿಹಳದಿಯಾಗಬೇಕು, ಕೆಂಪಾಗಬಾರದು. ಮೂಗಿಗೆ ಹುಳಿ ಘಾಟು ಬಡಿದರೆ ಗಂಧಕದ ಹೊಗೆ ತಗುಲಿಸಿದ್ದಾರೆಂದು ತಿಳಿಯಿರಿ.

ಕಲ್ಲುಸಕ್ಕರೆಯ ಬದಲು ಪುಡಿ ಸಕ್ಕರೆ ಹಾಕುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಪುಡಿ ಸಕ್ಕರೆ ಕ್ಷಣದಲ್ಲಿ ಕರಗಿ ಮೊದಲ ಸುತ್ತು ಪಾನಕವಾಗುತ್ತದೆ, ಎರಡನೆಯದು ಸಪ್ಪೆ. ಹರಳು ತಳದಲ್ಲಿ ಕೂತು ನಿಧಾನವಾಗಿ ಕರಗುವುದರಿಂದಲೇ ಸಿಹಿ ಮೂರು ಸುತ್ತು ಬಾಳುತ್ತದೆ.

ಮಾಡುವುದು ಕಷ್ಟವಿಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು ಬೆಚ್ಚಗಾಗಿಸಿ. ತಳಕ್ಕೆ ಕಲ್ಲುಸಕ್ಕರೆ, ಅದರ ಮೇಲೆ ಎಲೆ, ಆಮೇಲೆ ಜುಜುಬೆ, ಲಾಂಗನ್, ದ್ರಾಕ್ಷಿ, ಆಕ್ರೋಟ, ಕೊನೆಗೆ ಗೋಜಿ ಮತ್ತು ಎಳ್ಳು. ಕೊತಕೊತ ಕುದಿಯುವ ನೀರನ್ನು ಅಂಚಿಗೆ ಒಂದು ಬೆರಳು ಕಡಿಮೆ ಇರುವಂತೆ ಸುರಿದು ತಕ್ಷಣ ಮುಚ್ಚಿ. ಹಸಿರು ಚಹಾಕ್ಕೆ ಅಷ್ಟು ಬಿಸಿ ಬೇಡ ಎನ್ನುವ ಮಾತು ಇಲ್ಲಿ ನಡೆಯದು, ಆರಿದ ನೀರಿಗೆ ಒಣಹಣ್ಣು ಮೆದುವಾಗುವುದಿಲ್ಲ. ನಿಂಗ್‌ಶ್ಯಾದ ರಾಜಧಾನಿ ಯಿನ್‌ಛ್ವಾನ್ ನಗರವೇ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಮುಚ್ಚಳ ತೆಗೆಯದೆ ಐದು ನಿಮಿಷ ಕಾಯಿರಿ.

ಅತಿಥಿಗೆ ಕೊಡುವುದಾದರೆ ಇದೆಲ್ಲ ಅವರ ಕಣ್ಣೆದುರೇ ಆಗಬೇಕು. ಮುಚ್ಚಳ ತೆಗೆದು, ಸಾಮಾನು ಹಾಕಿ, ನೀರು ಸುರಿದು, ಎರಡೂ ಕೈಯಲ್ಲಿ ತಟ್ಟೆ ಹಿಡಿದು ಕೊಡುವುದು ರೂಢಿ. ಯಾರೋ ಕುಡಿದು ಬಿಟ್ಟದ್ದಲ್ಲ, ನಿಮಗೆಂದೇ ಮಾಡಿದ್ದು ಎಂದು ಅದರಿಂದಲೇ ತಿಳಿಯುತ್ತದೆ.

ಕುಡಿಯುವ ಕಲೆಯೆಲ್ಲ ಮುಚ್ಚಳದಲ್ಲಿದೆ. ಎಡಗೈಯಲ್ಲಿ ತಟ್ಟೆ ಸಮೇತ ಬಟ್ಟಲನ್ನು ಎತ್ತಿ, ಬರಿ ಬಟ್ಟಲು ಹಿಡಿದರೆ ಬೆರಳು ಸುಡುತ್ತದೆ. ಬಲಗೈಯಿಂದ ಮುಚ್ಚಳವನ್ನು ಓರೆ ಮಾಡಿ, ಅದರ ಅಂಚಿನಿಂದ ನೀರಿನ ಮೇಲ್ಮೈಯನ್ನು ನಿಮ್ಮ ಕಡೆಯಿಂದ ಆಚೆಗೆ ಮೆಲ್ಲಗೆ ಎರಡು ಮೂರು ಸಲ ಗೀರಿ. ತೇಲುವ ಎಲೆ, ಎಳ್ಳು ಆಚೆ ಸರಿಯುತ್ತವೆ, ತಳದ ಸಿಹಿ ಮೇಲೇಳುತ್ತದೆ. ಮುಚ್ಚಳವನ್ನು ಹಾಗೇ ಓರೆಯಾಗಿಟ್ಟು ಸಂದಿಯಿಂದ ಗುಟುಕರಿಸಿ. ಊದಿ ಆರಿಸುವುದು, ಸೊರ್ರನೆ ಹೀರುವುದು ಅಲ್ಲಿ ಮರ್ಯಾದೆಯಲ್ಲ. ಮೊದಲ ಗೀರಿಗೆ ಸಿಹಿ, ಎರಡನೆಯದಕ್ಕೆ ಘಮ, ಮೂರನೆಯದಕ್ಕೆ ತಿಳಿಸಾರು ಎಂಬ ಅರ್ಥದ ಮಾತು ಅಲ್ಲಿ ಬಳಕೆಯಲ್ಲಿದೆ.

ಪೂರ್ತಿ ಬರಿದು ಮಾಡಿ ನೀರು ಹಾಕಬೇಡಿ. ಮೂರನೇ ಒಂದು ಪಾಲು ಉಳಿದಿರುವಾಗಲೇ ಸುರಿದರೆ ರುಚಿ ಒಮ್ಮೆಲೇ ಕುಸಿಯುವುದಿಲ್ಲ. ಮೂರನೇ ಸುತ್ತಿನಲ್ಲಿ ಎಲೆ ಸೋತು, ಜುಜುಬೆ ಮತ್ತು ಲಾಂಗನ್‌ನ ಸರದಿ ಬರುತ್ತದೆ. ಕಮಟು ಬಂದರೆ ಹಳೆಯ ಆಕ್ರೋಟವೇ ಕಾರಣ, ಹಾಕುವ ಮುನ್ನ ಒಂದು ಚೂರು ಬಾಯಿಗೆ ಹಾಕಿ ನೋಡಿ.

ಚಳಿಗೆ ಬೇರೆ ಜೋಡಿ ಇದೆ: ಹಸಿರು ಎಲೆಯ ಬದಲು ಇಟ್ಟಿಗೆ ಚಹಾ (ಇಟ್ಟಿಗೆಯಂತೆ ಒತ್ತಿ ಗಟ್ಟಿ ಮಾಡಿದ ಚಹಾ), ಕಲ್ಲುಸಕ್ಕರೆಯ ಬದಲು ಕೆಂಪು ಸಕ್ಕರೆ.

ಬಟ್ಟಲಲ್ಲಿ ಚಹಾ ಉಳಿದಿರುವ ತನಕ ಮನೆಯವರು ನೀರು ಸುರಿಯುತ್ತಲೇ ಇರುತ್ತಾರೆ. ‘ಸಾಕು’ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ಪೂರ್ತಿ ಕುಡಿದು, ಬಟ್ಟಲಿನ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ಇಲ್ಲವೇ ತಳದ ಜುಜುಬೆಯೊಂದನ್ನು ತೆಗೆದು ಬಾಯಿಗೆ ಹಾಕಿಕೊಳ್ಳಿ, ಅಷ್ಟು ಹೊತ್ತಿಗೆ ಅದು ಚೆನ್ನಾಗಿ ನೆನೆದಿರುತ್ತದೆ.